ಕಬ್ಬಿನ ಟ್ರ್ಯಾಕ್ಟರನ್ನು ಮುಂದೆ ದೂಡುವವರು ಯಾರು?

ಮುಧೋಳದ ಕಡೆ ಕಬ್ಬಿನ ಸುಗ್ಗಿ ಬಂತೆಂದರೆ ದಾರಿ ತುಂಬ ಟ್ರ್ಯಾಕ್ಟರ್. ಒಮ್ಮೆ ಅಕಾಲ ಮಳೆಯ ಮರುದಿನ ಅಲ್ಲಿ ಒಂದು ಹೊಲದ ಬದುವಿನ ಮೇಲೆ ನಿಂತಿದ್ದೆ. ಎರಡು ಟ್ರೇಲರ್ ತುಂಬ ಕಬ್ಬು. ಡ್ರೈವರ್ ಎಕ್ಸಲರೇಟರ್ ಒತ್ತಿದ. ಹಿಂದಿನ ಗಾಲಿ ಗರಗರ ತಿರುಗಿ ಎರೆಮಣ್ಣು ನಮ್ಮ ಅಂಗಿಗೆಲ್ಲ ಸಿಡಿಯಿತು. ಟ್ರ್ಯಾಕ್ಟರ್ ಮಾತ್ರ ಇದ್ದಲ್ಲೇ.

"ಗಾಡಿಗೆ ತಾಕತ್ತು ಸಾಲವಲ್ದು" ಅಂದರು ಪಕ್ಕದವರು.

ತಾಕತ್ತು ಬೇಕಾದಷ್ಟಿತ್ತು. ಇಲ್ಲದಿದ್ದರೆ ಎಂಜಿನ್ ಬಂದ್ ಬೀಳುತ್ತಿತ್ತು, ಅಲ್ವಾ? ಕಡಿಮೆ ಬಿದ್ದದ್ದು ನೆಲದ ಬಲ. ಎಂಜಿನ್ ಗಾಲಿ ತಿರುಗಿಸುತ್ತದೆ, ಅಷ್ಟೇ. ಗಾಲಿ ನೆಲವನ್ನು ಹಿಂದಕ್ಕೆ ಒತ್ತುತ್ತದೆ, ನೆಲ ಅಷ್ಟೇ ಬಲದಿಂದ ಗಾಲಿಯನ್ನು ಮುಂದಕ್ಕೆ ದೂಡುತ್ತದೆ. 1687ರಲ್ಲಿ ನ್ಯೂಟನ್ ಹೇಳಿದ ಮೂರನೇ ನಿಯಮ ಇದೇ. ಹಸಿ ಎರೆಮಣ್ಣು ಒತ್ತಿದ ಕೂಡಲೇ ಜಾರಿಕೊಳ್ಳುತ್ತದೆ. ಗಾಲಿಗೆ ಅದನ್ನು ಜೋರಾಗಿ ಒತ್ತಲು ಆಗದು, ಹಾಗಾಗಿ ಅದು ತಿರುಗಿ ದೂಡುವುದೂ ಅಷ್ಟಕ್ಕಷ್ಟೇ.

ಬಲವನ್ನು ಅಳೆಯುವುದೂ ನ್ಯೂಟನ್ ಹೆಸರಿನಲ್ಲೇ. ಮಹಾಲಿಂಗಪುರದ ಬೆಲ್ಲ 100 ಗ್ರಾಂ ಅಂಗೈ ಮೇಲಿಟ್ಟರೆ ಅದು ಒತ್ತುವುದು ಸುಮಾರು 1 ನ್ಯೂಟನ್. ಈಗ ಗಾಡಿ, ಕಬ್ಬು ಸೇರಿ 20 ಟನ್ ಅಂತ ಇಟ್ಟುಕೊಳ್ಳಿ. ರಸ್ತೆಗೆ ಹತ್ತುವ ಏರು 20 ಅಡಿಗೆ 1 ಅಡಿ. ಅಷ್ಟು ಸಣ್ಣ ಏರಿನಲ್ಲೇ ಭೂಮಿ ಗಾಡಿಯನ್ನು ಹಿಂದಕ್ಕೆ ಜಗ್ಗುವುದು 1 ಟನ್ ತೂಕದಷ್ಟು, ಅಂದರೆ ಸುಮಾರು 10,000 ನ್ಯೂಟನ್! ಕೆಸರಿನ ತಡೆ ಬೇರೆ.

ಗಾಲಿಯ ಕೆಳಗೆ ಕಬ್ಬಿನ ರವದಿ, ಅಂದರೆ ಒಣ ಸೋಗೆ, ತುರುಕಿದರು. ಹಿಡಿತ ಸಿಕ್ಕಿತು. ಗಾಡಿ ಒಂದು ಮಾರು ಮುಂದೆ ಬಂತು, ಏರು ಸಿಕ್ಕಿದ್ದೇ ಮುಂದಿನ ಗಾಲಿಗಳು ಗಾಳಿಯಲ್ಲಿ ಎದ್ದವು. ಟ್ರೇಲರ್ ಜಗ್ಗುವುದು ಕೊಂಡಿಯನ್ನು, ಕೊಂಡಿ ಇರುವುದು ನೆಲದಿಂದ ಮೇಲೆ. ನೆಲ ದೂಡುವುದು ಗಾಲಿಯ ಬುಡವನ್ನು. ಕೆಳಗೆ ಮುಂದಕ್ಕೆ, ಮೇಲೆ ಹಿಂದಕ್ಕೆ. ಹೀಗಾದರೆ ಮೂತಿ ಏಳಲೇಬೇಕು.

"ಏ, ಮುಂದ ಯಾರರ ಹತ್ರೋ!"

ಇಬ್ಬರು ಹುಡುಗರು ಬಂಪರ್ ಮೇಲೆ ಜಿಗಿದರು. ಲೆಕ್ಕ ಸರಿಯೇ. ಹಿಂದಿನ ಗಾಲಿಯಿಂದ ದೂರ ಕೂತಷ್ಟೂ ಅವರ ಭಾರ ಮೂತಿಯನ್ನು ಜಾಸ್ತಿ ಒತ್ತುತ್ತದೆ. ಆದರೆ ಜಾರಿದರೆ ಬೀಳುವುದು ಗಾಲಿಯ ಬಾಯಿಗೇ. ಡ್ರೈವರ್ ಬೈದು ಇಬ್ಬರನ್ನೂ ಇಳಿಸಿದ. ಹಿಂದಿನ ಟ್ರೇಲರ್ ಬಿಚ್ಚಿಟ್ಟು, ಒಂದೊಂದನ್ನೇ ರಸ್ತೆಗೆ ಹತ್ತಿಸಿದ.