ಒಂಬತ್ತನೇ ಕಂತಿನ ಸಾವು

2013ರ ಮಳೆಗಾಲ ಆಗಷ್ಟೇ ಶುರುವಾಗಿತ್ತು. ಡೊಂಬಿವಲಿಯ ನಮ್ಮ ಮನೆಯಲ್ಲಿ ನನ್ನ ತಂಗಿಯ ಮಗ ರಿಮೋಟ್ ಹಿಡಿದು ಟಿವಿಯ ಸದ್ದನ್ನು ಏರಿಸುತ್ತಲೇ ಇದ್ದ. ಪರದೆಯ ಮೇಲೆ ಕಲಾವಿದರ ಹೆಸರುಗಳು ಸಾಗುತ್ತಿದ್ದವು, ಆದರೆ ಪ್ರತಿ ವಾರ ಅವುಗಳ ಜೊತೆಗೆ ಬರುತ್ತಿದ್ದ ಸಂಗೀತ ಇರಲಿಲ್ಲ. ಟಿವಿ ಕೆಟ್ಟಿದೆಯೆಂದೇ ಅವನು ತಿಳಿದಿದ್ದ. 'ಗೇಮ್ ಆಫ್ ಥ್ರೋನ್ಸ್' ಧಾರಾವಾಹಿಯ ಮೂರನೇ ಸೀಸನ್ನಿನ ಒಂಬತ್ತನೇ ಕಂತನ್ನು ಅದನ್ನು ಮಾಡಿದವರು ಬೇಕೆಂದೇ ಮೌನದಲ್ಲಿ ಮುಗಿಸಿದ್ದರು. ಸೋದರಮಾವನ ಮದುವೆಯ ಊಟಕ್ಕೆ ಬಂದಿದ್ದ ರಾಬ್ ಸ್ಟಾರ್ಕ್, ಅವನ ಗರ್ಭಿಣಿ ಹೆಂಡತಿ, ತಾಯಿ ಕ್ಯಾಟ್ಲಿನ್, ಮೂವರೂ ಉಪ್ಪು-ರೊಟ್ಟಿ ಕೊಟ್ಟು ಬರಮಾಡಿಕೊಂಡವರ ಮನೆಯಲ್ಲೇ ಕೊಲೆಯಾಗಿದ್ದರು. ಸ್ವಲ್ಪ ಹೊತ್ತಿನ ಮೇಲೆ ಹುಡುಗ ನನ್ನತ್ತ ತಿರುಗಿ, "ಮಾವ, ನಿಮಗೆ ಇದು ಮೊದಲೇ ಗೊತ್ತಿತ್ತಲ್ವಾ?" ಎಂದು ಕೇಳಿದ. ಗೊತ್ತಿತ್ತು. ಜಾರ್ಜ್ ಆರ್. ಆರ್. ಮಾರ್ಟಿನ್ ಅವರು 2000ದಲ್ಲಿ ಪ್ರಕಟಿಸಿದ, ಧಾರಾವಾಹಿಗೆ ಆಧಾರವಾದ ಸರಣಿಯ ಮೂರನೇ ಕಾದಂಬರಿಯಲ್ಲಿ ಆ ಅಧ್ಯಾಯವನ್ನು ನಾನು ಓದಿದ್ದೆ. ಆದರೂ ಆ ರಾತ್ರಿ ಕಂಡ ಸಾವು ನಾನು ಓದಿದ ಸಾವಿಗಿಂತ ಬೇರೆಯದೇ ರೀತಿಯಲ್ಲಿ ಎದೆಗೆ ಬಡಿಯಿತು. ಆ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ವಿಜ್ಞಾನ ಕೊಡುವ ಉತ್ತರದ ಒಂದು ಭಾಗ ಬಹಳ ಸ್ವಾರಸ್ಯಕರವಾಗಿದೆ.

ಆಘಾತವೆಂದರೆ ಮಿದುಳಿನ ಲೆಕ್ಕ ತಪ್ಪುವುದು. ವೋಲ್‌ಫ್ರಾಮ್ ಶುಲ್ಟ್ಸ್ ಎಂಬ ನರವಿಜ್ಞಾನಿ 1990ರ ದಶಕದಲ್ಲಿ ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಇದು ಸ್ಪಷ್ಟವಾಗಿ ಕಂಡುಬಂತು. ಹಣ್ಣಿನ ರಸ ಅನಿರೀಕ್ಷಿತವಾಗಿ ಬಾಯಿಗೆ ಬಿದ್ದಾಗ ಡೋಪಮಿನ್ ಎಂಬ ರಾಸಾಯನಿಕವನ್ನು ಸ್ರವಿಸುವ ನರಕೋಶಗಳು ಚುರುಕಾಗುತ್ತಿದ್ದವು. ಮುನ್ಸೂಚನೆಯೊಂದನ್ನು ಅನುಸರಿಸಿ ರಸ ಬರುತ್ತದೆಂದು ಕೋತಿ ಕಲಿತ ಮೇಲೆ ಅವೇ ಕೋಶಗಳು ಸೂಚನೆಗೆ ಸ್ಪಂದಿಸುತ್ತಿದ್ದವೇ ಹೊರತು ರಸಕ್ಕಲ್ಲ. ಸೂಚನೆ ಬಂದೂ ರಸ ಬಾರದಿದ್ದರೆ, ಅದು ಬರಬೇಕಿದ್ದ ಕ್ಷಣದಲ್ಲಿ ಅವುಗಳ ಚಟುವಟಿಕೆ ಕುಸಿಯುತ್ತಿತ್ತು. ಕಥೆ ಕೇಳುವಾಗಲೂ ನಾವು ಒಳಗೊಳಗೇ ಇಂಥದ್ದೇ ಲೆಕ್ಕ ಹಾಕುತ್ತಿರುತ್ತೇವೆ. 1996ರ ಮೊದಲ ಕಾದಂಬರಿಯಲ್ಲಿ ರಾಬ್‌ನ ತಂದೆ ನೆಡ್ ಸ್ಟಾರ್ಕ್‌ನ ದೃಷ್ಟಿಯಿಂದ ಹೇಳಿದ ಅಧ್ಯಾಯಗಳು 15, ಬೇರಾವ ಪಾತ್ರಕ್ಕೂ ಆ ಪುಸ್ತಕದಲ್ಲಿ ಅಷ್ಟು ಇಲ್ಲ. ಅಷ್ಟು ಕಾಲ ಒಬ್ಬನ ಮನಸ್ಸಿನೊಳಗೆ ಕುಳಿತು ಬಂದ ಓದುಗನಿಗೆ ಅವನೇ ನಾಯಕನೆಂಬುದರಲ್ಲಿ ಸಂಶಯ ಉಳಿದಿರುವುದಿಲ್ಲ. ಆ ನಂಬಿಕೆ ಬೇರೂರಿದ ಮೇಲೆ ಕತ್ತಿ ಬೀಳುತ್ತದೆ.

ಹಾಗಾದರೆ ಆಘಾತ ಒಂದೇ ಸಲಕ್ಕೆ ಮುಗಿಯಬೇಕಿತ್ತು. ನಾಯಕರೂ ಸಾಯುತ್ತಾರೆಂದು ಕಲಿತ ಓದುಗ ಮುಂದಿನ ಸಾವನ್ನು ಊಹಿಸಬೇಕಿತ್ತು. ಅದು ಏಕಾಗಲಿಲ್ಲ ಎಂಬುದಕ್ಕೆ ಐರ್ಲೆಂಡ್ ಮತ್ತು ಬ್ರಿಟನ್ನಿನ ಐದು ವಿಶ್ವವಿದ್ಯಾಲಯಗಳ ಗಣಿತಜ್ಞರು, ಭೌತವಿಜ್ಞಾನಿಗಳು ಮತ್ತು ಮನೋವಿಜ್ಞಾನಿಗಳು ಸೇರಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಉತ್ತರ ಕೊಡುತ್ತದೆ. ಮಾರ್ಟಿನ್ ಅವರ ಈ ಸರಣಿಯ ಐದು ಕಾದಂಬರಿಗಳಲ್ಲಿ ಹೆಸರುಳ್ಳ ಪಾತ್ರಗಳು 2,000ಕ್ಕೂ ಹೆಚ್ಚು, ಅವರ ನಡುವಿನ ಒಡನಾಟಗಳು 41,000ಕ್ಕೂ ಹೆಚ್ಚು. ಮುಖ್ಯ ಸಾವುಗಳ ನಡುವಿನ ಅಂತರವನ್ನು ಅವರು ಎರಡು ರೀತಿಯಲ್ಲಿ ಅಳೆದರು. ಕಥೆಯೊಳಗಿನ ಪಂಚಾಂಗದ ಪ್ರಕಾರ, ಅಂದರೆ ಆ ಲೋಕದಲ್ಲಿ ಯಾವ ದಿನ ಯಾರು ಸತ್ತರೆಂದು ನೋಡಿದಾಗ, ಅಂತರಗಳು ನಿಜ ಜೀವನದ ಮನುಷ್ಯ ಚಟುವಟಿಕೆಗಳ ಹಾಗೆಯೇ ಇದ್ದವು: ಬಹುಕಾಲ ಏನೂ ಇಲ್ಲ, ಆಮೇಲೆ ಒಂದರ ಹಿಂದೊಂದು. ಆದರೆ ಅದೇ ಸಾವುಗಳನ್ನು ಅಧ್ಯಾಯಗಳ ಕ್ರಮದಲ್ಲಿ ಎಣಿಸಿದಾಗ ಚಿತ್ರವೇ ಬದಲಾಯಿತು. ಕಳೆದ ಸಾವಿನ ನಂತರ ಎಷ್ಟು ಅಧ್ಯಾಯಗಳು ಕಳೆದಿವೆ ಎಂಬುದು ಮುಂದಿನ ಸಾವು ಯಾವಾಗ ಎಂಬುದಕ್ಕೆ ಯಾವ ಸುಳಿವನ್ನೂ ಕೊಡಲಿಲ್ಲ. ಇಂಥ ಹಂಚಿಕೆಯನ್ನು ಗಣಿತಜ್ಞರು ನೆನಪಿಲ್ಲದ ಹಂಚಿಕೆ ಎನ್ನುತ್ತಾರೆ.

ಮುಂಬಯಿಯಲ್ಲಿ ಬದುಕುವವರಿಗೆ ಇದನ್ನು ವಿವರಿಸುವುದು ಸುಲಭ. ವೇಳಾಪಟ್ಟಿಯಲ್ಲಿರುವ ಲೋಕಲ್ ಹತ್ತು ನಿಮಿಷ ತಡವಾದರೆ ನಾವು ಪ್ಲಾಟ್‌ಫಾರ್ಮಿನ ಅಂಚಿಗೆ ಸರಿಯುತ್ತೇವೆ, ಏಕೆಂದರೆ ಕಾದಷ್ಟೂ ಗಾಡಿ ಹತ್ತಿರವಾಗಿದೆಯೆಂದು ನಮಗೆ ಗೊತ್ತು. ದಾಳ ಹಾಗಲ್ಲ. ಹತ್ತು ಸಲ ಉರುಳಿಸಿ ಆರು ಬೀಳದಿದ್ದರೂ ಹನ್ನೊಂದನೆಯ ಸಲ ಆರು ಬೀಳುವ ಸಾಧ್ಯತೆ ಆರರಲ್ಲಿ ಒಂದೇ. ಮಾರ್ಟಿನ್ ಅವರ ಪುಟಗಳಲ್ಲಿ ಸಾವು ದಾಳದ ಹಾಗೆ ಬೀಳುತ್ತದೆ, ಆದರೆ ಅವರ ಲೋಕದಲ್ಲಿ ಅದು ಕಾರಣಗಳಿಂದಲೇ ನಡೆಯುತ್ತದೆ. ಒಂದು ಅಧ್ಯಾಯ ಉತ್ತರದ ಹಿಮದಲ್ಲಿ, ಇನ್ನೊಂದು ಸಮುದ್ರದಾಚೆಯ ಮರುಭೂಮಿಯಲ್ಲಿ ಹೀಗೆ ಬೇರೆ ಬೇರೆ ಪಾತ್ರಗಳ ಕಣ್ಣಿಗೆ ಜಿಗಿಯುತ್ತಾ ಅವರು ಅಧ್ಯಾಯಗಳನ್ನು ಜೋಡಿಸುವ ಕ್ರಮವೇ ಈ ಎರಡನ್ನೂ ಒಟ್ಟಿಗೆ ಸಾಧ್ಯವಾಗಿಸಿದೆ. ಇದು ಬಹಳ ದೊಡ್ಡ ಕುಶಲತೆ ಎಂದು ನಾನು ಭಾವಿಸುತ್ತೇನೆ.

ಧಾರಾವಾಹಿಗೆ ಈ ಅನುಕೂಲ ಇರಲಿಲ್ಲ. ಮೊದಲ ಆರು ಸೀಸನ್ನುಗಳಲ್ಲಿ ತಲಾ ಹತ್ತು ಕಂತುಗಳಿದ್ದವು. ನೆಡ್ ಸ್ಟಾರ್ಕ್ ಸತ್ತದ್ದು ಮೊದಲ ಸೀಸನ್ನಿನ ಒಂಬತ್ತನೇ ಕಂತಿನಲ್ಲಿ, ಮದುವೆಮನೆಯ ಕೊಲೆಗಳು ಮೂರನೆಯದರ ಒಂಬತ್ತರಲ್ಲಿ, ಪುಟ್ಟ ರಾಜಕುಮಾರಿ ಶಿರೀನ್ ಬೆಂಕಿಗೆ ಆಹುತಿಯಾದದ್ದು ಐದನೆಯದರ ಒಂಬತ್ತರಲ್ಲಿ. ಎರಡು, ನಾಲ್ಕು ಮತ್ತು ಆರನೇ ಸೀಸನ್ನುಗಳ ದೊಡ್ಡ ಕದನಗಳೂ ಒಂಬತ್ತನೇ ಕಂತಿಗೇ ಮೀಸಲಾದವು. ಕ್ರೂರ ಅರಸ ಜಾಫ್ರಿಯ ಸಾವನ್ನು ನಾಲ್ಕನೇ ಸೀಸನ್ನಿನ ಎರಡನೇ ಕಂತಿನಲ್ಲೇ ಇಟ್ಟು ಈ ಅಭ್ಯಾಸವನ್ನು ಮುರಿದದ್ದೂ ಉಂಟು. ಆದರೂ ಮೂರು-ನಾಲ್ಕು ವರ್ಷ ನೋಡಿದವರು ಒಂಬತ್ತನೇ ವಾರ ಬಂದಾಗ ಎದೆ ಬಿಗಿಹಿಡಿದು ಕೂರುತ್ತಿದ್ದರು. ದಾಳವಾಗಿದ್ದದ್ದು ಪರದೆಗೆ ಬರುತ್ತಲೇ ವೇಳಾಪಟ್ಟಿಯಾಯಿತು.

ಇನ್ನು ಆ ಮದುವೆಯನ್ನೇ ಹತ್ತಿರದಿಂದ ನೋಡೋಣ. ಕಾದಂಬರಿಯಲ್ಲಿ ರಾಬ್‌ನ ದೃಷ್ಟಿಯ ಅಧ್ಯಾಯ ಒಂದೂ ಇಲ್ಲ, ಅವನನ್ನು ನಾವು ಹೆಚ್ಚಾಗಿ ನೋಡುವುದು ತಾಯಿಯ ಕಣ್ಣಿನಿಂದ. ಅವನ ಹೆಂಡತಿ ಜೇನ್ ಆ ಊಟಕ್ಕೆ ಬಂದೇ ಇರುವುದಿಲ್ಲ. ಪರದೆಯ ಮೇಲೆ ಅವಳ ಜಾಗದಲ್ಲಿ ಟಾಲಿಸಾ ಎಂಬ ಹೊಸ ಪಾತ್ರ ಬಂದಳು, ಮೊದಲ ಇರಿತ ಅವಳ ಬಸಿರಿಗೇ ಬಿತ್ತು. ಇದು ಕ್ರೂರವಾದರೂ ಪರದೆಗೆ ಸಹಜವಾದ ನಿರ್ಧಾರ. ನರವಿಜ್ಞಾನಿ ಉರಿ ಹಾಸನ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಮಿದುಳು ಸ್ಕ್ಯಾನ್ ಅಧ್ಯಯನದಲ್ಲಿ, ಬಿಗಿಯಾಗಿ ಸಂಕಲನಗೊಂಡ ಹಿಚ್‌ಕಾಕ್ ಟಿವಿ ಕಂತೊಂದನ್ನು ನೋಡಿದವರ ಮಿದುಳಿನ ಹೊರಪದರದ ಶೇ. 65ಕ್ಕಿಂತ ಹೆಚ್ಚು ಭಾಗ ಎಲ್ಲರಲ್ಲೂ ಒಂದೇ ಲಯದಲ್ಲಿ ಏರಿಳಿಯಿತು. ಉದ್ಯಾನವೊಂದರಲ್ಲಿ ಸುಮ್ಮನೆ ಇಟ್ಟ ಕ್ಯಾಮೆರಾದ ದೃಶ್ಯಕ್ಕೆ ಅದು ಶೇ. 5ಕ್ಕಿಂತ ಕಡಿಮೆ. ಯಾವ ಕ್ಷಣ ಎಲ್ಲಿ ನೋಡಬೇಕೆಂದು ನಿರ್ದೇಶಕ ನಿರ್ಧರಿಸುತ್ತಾನೆ, ನಾವೆಲ್ಲರೂ ಒಟ್ಟಿಗೇ ಬೆಚ್ಚುತ್ತೇವೆ. ಓದುಗ ಹಾಗಲ್ಲ. ಅವನು ನಿಲ್ಲುತ್ತಾನೆ, ಹಿಂದಿನ ಸಾಲಿಗೆ ಮರಳುತ್ತಾನೆ, ಮುಂದಿನ ಪುಟ ತಿರುವಲು ಹೆದರುತ್ತಾನೆ.

ಪುಸ್ತಕದಲ್ಲಿ ವಾದ್ಯದವರು ಅಪಸ್ವರದಲ್ಲಿ ನುಡಿಸುತ್ತಿರುತ್ತಾರೆ. ಕ್ಯಾಟ್ಲಿನ್ ಆತಿಥೇಯ ಮನೆತನದ ಎಡ್ವಿನ್ ಫ್ರೇಯ ತೋಳು ಹಿಡಿದು ತಿರುಗಿಸಿದಾಗ ರೇಷ್ಮೆಯ ಒಳಗೆ ಕಬ್ಬಿಣದ ಬಳೆಗಳು ಕೈಗೆ ತಾಗುತ್ತವೆ. ಊಟಕ್ಕೆ ಬಂದವನು ಕವಚ ತೊಟ್ಟಿದ್ದಾನೆ. ನಾನು ಆ ಸಾಲನ್ನು ಓದಿದ್ದು ಸಂಜೆಯ ಫಾಸ್ಟ್ ಲೋಕಲಿನಲ್ಲಿ, ಬಾಗಿಲ ಬಳಿ ಒಂದು ಕೈಯಲ್ಲಿ ಹಿಡಿ ಹಿಡಿದು ನಿಂತುಕೊಂಡು. ಕುರ್ಲಾ ದಾಟಿತ್ತು, ಠಾಣೆಯವರೆಗೂ ನಾನು ಆ ಪುಟದಿಂದ ಮುಂದೆ ಹೋಗಲಿಲ್ಲ. ಅಧ್ಯಾಯ ಮುಗಿಯುವುದು ಸಾಯುತ್ತಿರುವ ತಾಯಿಯ ಮನಸ್ಸಿನೊಳಗೆ: ಕತ್ತಿ ಕೊರಳಿಗೆ ಬಂದಾಗ ಅವಳು ಯೋಚಿಸುವುದು ಗಂಡನಿಗೆ ಪ್ರಿಯವಾಗಿದ್ದ ತನ್ನ ಕೂದಲನ್ನು ಕುರಿತು. ಆ ಯೋಚನೆಯನ್ನು ಕ್ಯಾಮೆರಾ ತೋರಿಸಲಾರದು. ಹಾಗಾಗಿ ಧಾರಾವಾಹಿ ಒಂದು ಚೀತ್ಕಾರ, ಬರಿದಾದ ಮುಖ ಮತ್ತು ಆ ಮೌನವನ್ನು ಆರಿಸಿಕೊಂಡಿತು. ಈ ಕಂತಿನ ಮಟ್ಟಿಗೆ ಎರಡೂ ಕಲೆಗಳು ಸರಿಸಮಾನವೆಂದೇ ನನ್ನ ಅಭಿಪ್ರಾಯ.

ಆದರೆ ಪುಸ್ತಕದ ಸಾವಿಗೆ ಬೇರುಗಳು ಬಹಳ ಹಿಂದಕ್ಕೆ ಚಾಚಿವೆ. ರಾಬ್ ಆಮೇಲೆ ಮುರಿದ ಮದುವೆಯ ಮಾತನ್ನು ನದಿ ದಾಟಲು ಅವನ ಕಡೆಯವರು ಫ್ರೇ ಮನೆತನಕ್ಕೆ ಕೊಟ್ಟದ್ದು 1996ರ ಕಾದಂಬರಿಯಲ್ಲಿ. 1998ರ ಕಾದಂಬರಿಯಲ್ಲಿ ಡೆನೇರಿಸ್ ಎಂಬ ರಾಜಕುಮಾರಿ ಮಾಯಾಗೃಹವೊಂದರಲ್ಲಿ ಕಾಣುವ ದೃಶ್ಯಗಳ ನಡುವೆ ಹೆಣಗಳು ತುಂಬಿದ ಔತಣ, ಸಿಂಹಾಸನದ ಮೇಲೆ ತೋಳದ ತಲೆಯ ಶವ ಇವೆ. ತೋಳ ಸ್ಟಾರ್ಕ್ ಮನೆತನದ ಲಾಂಛನ. ಧಾರಾವಾಹಿ ಈ ದೃಶ್ಯವನ್ನು ಕೈಬಿಟ್ಟಿತು.

ಪುಸ್ತಕಗಳು 2011ಕ್ಕೆ ನಿಂತವು, ಧಾರಾವಾಹಿ 2019ರವರೆಗೆ ಸಾಗಿತು. ಪುಸ್ತಕದಲ್ಲಿ ಇನ್ನೂ ಬದುಕಿರುವ, ತನ್ನದೇ ದೃಷ್ಟಿಯ ಅಧ್ಯಾಯಗಳಿರುವ ಮುದಿ ಯೋಧ ಬ್ಯಾರಿಸ್ಟನ್ ಸೆಲ್ಮಿ ಐದನೇ ಸೀಸನ್ನಿನ ನಾಲ್ಕನೇ ಕಂತಿನ ಗಲ್ಲಿ ಕಾದಾಟದಲ್ಲಿ ಸಾಯುತ್ತಾನೆ. ಅವನ ಸಾವಿಗೆ ದಾರಿ ಮಾಡಿದ ತಪ್ಪು ಯಾವುದೂ ಕಥೆಯಲ್ಲಿಲ್ಲ, ಅವನು ಅಲ್ಲಿದ್ದ, ಅಷ್ಟೆ. ಶಿರೀನ್‌ಳ ವಿಷಯ ಬೇರೆ. ಪುಸ್ತಕದಲ್ಲಿ ಅವಳು ಉತ್ತರದ ಗಡಿಯ ಹಿಮಗೋಡೆಯ ಬಳಿಯಿದ್ದಾಳೆ, ಸಿಂಹಾಸನಕ್ಕಾಗಿ ಹೋರಾಡುತ್ತಿರುವ ತಂದೆ ಸ್ಟಾನಿಸ್ ದೂರದಲ್ಲಿ ದಂಡಯಾತ್ರೆಯಲ್ಲಿದ್ದಾನೆ. ಪರದೆಯಲ್ಲಿ ಮಗಳನ್ನು ಅವನ ಜೊತೆಗೇ ಕರೆದೊಯ್ದರು. ಅವಳ ರೋಗವನ್ನು ಗುಣಪಡಿಸಲು ಹೋರಾಡಿದ್ದನ್ನು ತಂದೆ ಹೇಳಿಕೊಳ್ಳುವ ದೃಶ್ಯ, ಅವಳನ್ನು ಬಲಿ ಕೊಡುವ ಸಲಹೆಯನ್ನು ಅವನು ಮೊದಲು ತಿರಸ್ಕರಿಸುವ ದೃಶ್ಯ, ಎರಡನ್ನೂ ಮುಂಚಿತವಾಗಿ ಇಟ್ಟರು. ಪುಸ್ತಕದ ನೆರವಿಲ್ಲದೆಯೂ ಆ ಸಾವಿಗೆ ಬೇರು ಇತ್ತು, ಅದಕ್ಕೇ ಅದನ್ನು ಈಗಲೂ ನೋಡಲಾಗುವುದಿಲ್ಲ.

ಮಳೆಗಾಲದಲ್ಲಿ ಕರಾವಳಿಯ ಯಕ್ಷಗಾನ ತಂಡಗಳು ಮುಂಬಯಿಗೆ ಬಂದಾಗ ಅಭಿಮನ್ಯು ಕಾಳಗ ನೋಡಲು ಕುಳಿತವರಲ್ಲಿ ಹುಡುಗ ಸಾಯುವುದು ಗೊತ್ತಿಲ್ಲದವರು ಒಬ್ಬರೂ ಇರುವುದಿಲ್ಲ. ಆದರೂ ಚಕ್ರವ್ಯೂಹದ ಹೊತ್ತಿಗೆ ಸಭೆ ಸ್ತಬ್ಧವಾಗುತ್ತದೆ. 2011ರಲ್ಲಿ ಲೀವಿಟ್ ಮತ್ತು ಕ್ರಿಸ್ಟೆನ್‌ಫೆಲ್ಡ್ ಎಂಬ ಮನೋವಿಜ್ಞಾನಿಗಳು 12 ಸಣ್ಣಕಥೆಗಳೊಂದಿಗೆ ನಡೆಸಿದ ಪ್ರಯೋಗದಲ್ಲಿ, ಕೊನೆಯನ್ನು ಮೊದಲೇ ತಿಳಿದವರು ಒಟ್ಟಾರೆ ಕಥೆಗಳನ್ನು ಹೆಚ್ಚು ಮೆಚ್ಚಿದ್ದರು. ನಂತರದ ಪ್ರಯೋಗಗಳೆಲ್ಲ ಇದನ್ನು ಒಪ್ಪಿಲ್ಲ, ಆದರೆ ನಮ್ಮ ರಂಗಸ್ಥಳದ ಮುಂದೆ ಕುಳಿತವರಿಗೆ ಇದು ಹೊಸ ಸುದ್ದಿಯಲ್ಲ.

ಆ ಮಳೆಗಾಲ ಮುಗಿಯುವ ಮುನ್ನ ತಂಗಿಯ ಮಗ ನನ್ನ ಪ್ರತಿಯನ್ನು ಓದಲು ಕೊಂಡೊಯ್ದ. ಎಲ್ಲವೂ ಗೊತ್ತಿದ್ದೇ ಓದಿದ. ಒಂದು ರಾತ್ರಿ ಪುಸ್ತಕದಲ್ಲಿ ಬೆರಳಿಟ್ಟುಕೊಂಡು ನನ್ನ ಕೋಣೆಗೆ ಬಂದು, "ಮಾವ, ಟಿವಿಯಲ್ಲಿ ಕವಚ ಇದ್ದದ್ದು ರಾಬ್‌ನದೇ ಸಾಮಂತ ರೂಸ್ ಬೋಲ್ಟನ್‌ನ ತೋಳಿನಲ್ಲಿ, ಇಲ್ಲಿ ಎಡ್ವಿನ್‌ನ ತೋಳಿನಲ್ಲಿ. ಅಲ್ಲಿ ಅವಳು ನೋಡಿದಳು, ಇಲ್ಲಿ ಮುಟ್ಟಿದಳು," ಎಂದ. ಹಾಗೆನ್ನುತ್ತಾ ನನ್ನ ಅಂಗಿಯ ತೋಳನ್ನು ಹಿಡಿದು ಒತ್ತಿ ನೋಡಿದ.