ಸ್ಟೀರಾಯ್ಡ್‌ಗೂ ಬಗ್ಗದ ಕರುಳಿನ ಹುಣ್ಣು

ದೊಡ್ಡಕರುಳಿನ ಒಳಪದರ ಉರಿಯೂತದಿಂದ ಹುಣ್ಣಾಗುವ ಕಾಯಿಲೆ ಅಲ್ಸರೇಟಿವ್ ಕೊಲೈಟಿಸ್. ಅದು ಉಲ್ಬಣಿಸಿದಾಗ ದಿನಕ್ಕೆ ಹತ್ತು ಹನ್ನೆರಡು ಸಲ ರಕ್ತ ಬೆರೆತ ಭೇದಿಯಾಗುವುದುಂಟು. ಆಸ್ಪತ್ರೆಗೆ ಸೇರಿಸಿ ರಕ್ತನಾಳಕ್ಕೆ ಸ್ಟೀರಾಯ್ಡ್ ಕೊಡುತ್ತಾರೆ. ಮೂರು ದಿನವಾಯಿತು, ಐದು ದಿನವಾಯಿತು, ಭೇದಿ ಕಟ್ಟಲಿಲ್ಲ. ಔಷಧದ ಪ್ರಮಾಣ ಸಾಲದೇನೋ ಎಂದು ಮನೆಯವರು ಚಡಪಡಿಸುತ್ತಾರೆ. ಆಗ ಮೊದಲು ನೋಡಬೇಕಾದದ್ದು, ಕರುಳಲ್ಲಿ ವೈರಸ್ ಎದ್ದಿದೆಯೇ ಎಂದು.

ಅದರ ಹೆಸರು ಸೈಟೊಮೆಗಾಲೊ ವೈರಸ್. ವೈದ್ಯರ ಬಾಯಲ್ಲಿ ಸಿಎಂವಿ. ಸರ್ಪಸುತ್ತು ತರುವ ವೈರಸ್‌ನ ಬಳಗದ್ದು. ನಮ್ಮ ದೇಶದ ಬಹುಪಾಲು ವಯಸ್ಕರ ಮೈಯಲ್ಲಿ ಅದಿದೆ. ಚಿಕ್ಕಂದಿನಲ್ಲೇ ಎದೆಹಾಲು, ಜೊಲ್ಲಿನ ಮೂಲಕ ಬಂದು, ಹೆಚ್ಚಿನವರಿಗೆ ಗೊತ್ತೇ ಆಗದಂತೆ ಮೂಳೆಮಜ್ಜೆಯ ಜೀವಕೋಶಗಳಲ್ಲಿ ಬೂದಿ ಮುಚ್ಚಿದ ಕೆಂಡವಾಗಿ ಉಳಿಯುತ್ತದೆ. ಕೆಂಡ ಹೊತ್ತಿಕೊಳ್ಳದಂತೆ ಕಾಯುವುದು ರೋಗನಿರೋಧಕ ಪಡೆಯ ಟಿ ಜೀವಕೋಶಗಳು. ಕೊಲೈಟಿಸ್‌ನಲ್ಲಾದರೋ ಬೇಲಿಯೇ ಎದ್ದು ಹೊಲ ಮೇಯುತ್ತಿರುತ್ತದೆ: ಕಾಯಬೇಕಾದ ಆ ಪಡೆಯೇ ಕರುಳಿನ ಮೇಲೆ ಎರಗಿರುತ್ತದೆ. ಅದನ್ನು ತಡೆಯಲು ಸ್ಟೀರಾಯ್ಡ್, ಅಜಥಯೋಪ್ರಿನ್ ತರಹದ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಕೊಟ್ಟಾಗ ಈ ಕಾವಲೂ ಸಡಿಲಾಗುತ್ತದೆ. ಸಾಲದ್ದಕ್ಕೆ, ಉರಿಯೂತದ ಕರುಳಲ್ಲಿ ಹೆಚ್ಚುವ ಟಿಎನ್‌ಎಫ್ ಎಂಬ ಪ್ರೋಟೀನು ಮಲಗಿದ್ದ ವೈರಸ್ಸನ್ನು ಎಬ್ಬಿಸುತ್ತದೆ. ಟಿಎನ್‌ಎಫ್ ತಡೆಯುವ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಔಷಧ ಈ ವೈರಸ್ಸಿನ ಮಟ್ಟಿಗೆ ಸ್ಟೀರಾಯ್ಡ್‌ನಷ್ಟು ಅಪಾಯ ತರುವಂತೆ ಕಾಣದಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ರಕ್ತದಲ್ಲಿ ಸಿಎಂವಿ ಐಜಿಜಿ (ವೈರಸ್ ಎಂದೋ ಮೈಸೇರಿದ್ದರ ಗುರುತಾದ ಪ್ರತಿಕಾಯ) ಪಾಸಿಟಿವ್ ಬಂತೆಂದು ಗಾಬರಿಯಾಗಬೇಕಿಲ್ಲ. ನಿಮಗೂ ನನಗೂ ಬರುವ ಸಾಧ್ಯತೆಯೇ ಹೆಚ್ಚು. ಗುಟ್ಟು ಇರುವುದು ಹುಣ್ಣಿನಲ್ಲಿ. ಅದರಿಂದ ಅಕ್ಕಿಕಾಳಿಗಿಂತ ಚಿಕ್ಕ ಚೂರುಗಳನ್ನು ಚಿವುಟಿ ತೆಗೆದು ಸೂಕ್ಷ್ಮದರ್ಶಕದಡಿ ಇಟ್ಟರೆ, ನೆರೆಯವಕ್ಕಿಂತ ಎರಡು ಮೂರು ಪಟ್ಟು ಊದಿದ ಜೀವಕೋಶವೊಂದು ಕಾಣಬಹುದು. ನಡುವೆ ಕಡುಬಣ್ಣದ ಉಂಡೆ, ಸುತ್ತ ತಿಳಿಬಣ್ಣದ ಬಳೆ. ಗೂಬೆಯ ಕಣ್ಣೆಂದೇ ಅದಕ್ಕೆ ಹೆಸರು. ವೈರಸ್ ಸಣ್ಣ ರಕ್ತನಾಳಗಳ ಒಳಪದರಕ್ಕೂ ನುಗ್ಗುವುದರಿಂದ ಅಲ್ಲಿಗೆ ರಕ್ತ ಸಾಲದೆ ಹುಣ್ಣು ಆಳವಾಗುತ್ತದೆ. ಇಡೀ ಚೂರಿನಲ್ಲಿ ಇಂಥ ಕಣ್ಣು ಒಂದೋ ಎರಡೋ ಇದ್ದು ತಪ್ಪಿಹೋಗಬಹುದು. ಅದಕ್ಕೇ ವೈರಸ್ಸಿಗೆ ಮಾತ್ರ ಅಂಟುವ ಪ್ರತಿಕಾಯ ಹಾಕಿ, ಬಣ್ಣ ಬರಿಸಿ ಹುಡುಕುತ್ತಾರೆ.

ಸಿಕ್ಕಿತೆಂದರೆ ದಾರಿ ತಿರುಗುತ್ತದೆ. ವೈರಸ್ ತಡೆಯುವ ಔಷಧ ಗ್ಯಾನ್‌ಸೈಕ್ಲೊವಿರ್ ದಿನಕ್ಕೆರಡು ಸಲ ರಕ್ತನಾಳಕ್ಕೆ, ಸುಧಾರಿಸಿದ ಮೇಲೆ ಮಾತ್ರೆ, ಒಟ್ಟು ಎರಡು ಮೂರು ವಾರ. ಬಿಳಿ ರಕ್ತಕಣ ಇಳಿಯಬಹುದೆಂದು ಆಗಾಗ ರಕ್ತಪರೀಕ್ಷೆ. ಸ್ಟೀರಾಯ್ಡನ್ನು ವೈದ್ಯರೇ ಹಂತಹಂತವಾಗಿ ತಗ್ಗಿಸುತ್ತಾರೆ. ರೋಗಿ ತಾನಾಗಿ ನಿಲ್ಲಿಸುವುದು ಅಪಾಯ.

ಇನ್ನೊಂದು ಮಾತು. ಹೆಪಟೈಟಿಸ್ ಬಿ ಕೂಡ ಹೀಗೇ ಯಕೃತ್ತಿನಲ್ಲಿ ಅಡಗಿರುತ್ತದೆ. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಶುರುವಾಗುವ ಮೊದಲೇ ಅದರ ಪರೀಕ್ಷೆ ಆಗಿದೆಯೇ ಎಂದು ದಯವಿಟ್ಟು ಕೇಳಿ.