ಸಲಾಯಿನ್ ಹಚ್ಚುವ ಮೊದಲು ರಕ್ತ ತೆಗೆಯಿರಿ

ರಾಯಚೂರು, ಕೊಪ್ಪಳದ ಹಳ್ಳಿಗಳಲ್ಲಿ ಜ್ವರ ವಾರ ದಾಟಿತೆಂದರೆ ವಿಡಾಲ್ ಪರೀಕ್ಷೆ, ಟೈಫಾಯ್ಡ್ ಎಂಬ ಹೆಸರು, ಮೂರು ದಿನ ಸಲಾಯಿನ್, ಜೊತೆಗೊಂದು ಆಂಟಿಬಯಾಟಿಕ್. ಜ್ವರ ಇಳಿಯುತ್ತದೆ, ಹತ್ತು ದಿನಕ್ಕೆ ಮತ್ತೆ ಹಾಜರು. ಚಿಕ್ಕಂದಿನ ಕೀಲುನೋವಿನ ಜ್ವರದಿಂದ ಹೃದಯದ ವಾಲ್ವ್ ಕೆಟ್ಟವರಿಗೆ, ಕೃತಕ ವಾಲ್ವ್ ಕೂರಿಸಿಕೊಂಡವರಿಗೆ ಈ ಅರೆಬರೆ ಔಷಧವೇ ಮುಳುವು. ವಾಲ್ವಿಗೆ ಅಂಟಿದ ಸೋಂಕು (ಎಂಡೋಕಾರ್ಡೈಟಿಸ್) ಸಾಯುವುದಿಲ್ಲ, ಅಡಗುತ್ತದೆ.

ಆಮೇಲೆ ಬ್ಲಡ್ ಕಲ್ಚರ್ (ರಕ್ತವನ್ನು ಬಾಟಲಿಗೆ ಹಾಕಿ ಸೂಕ್ಷ್ಮಜೀವಿ ಬೆಳೆಸಿ ನೋಡುವ ಪರೀಕ್ಷೆ) ಮಾಡಿದರೆ ಎಷ್ಟೋ ಸಲ ಏನೂ ಬೆಳೆಯುವುದಿಲ್ಲ. ಆದ್ದರಿಂದ ಮೊದಲ ಡೋಸಿಗೂ ಮುಂಚೆ ಮೂರು ಸಲ, ಬೇರೆ ಬೇರೆ ಜಾಗದಲ್ಲಿ ಚುಚ್ಚಿ, ಅರ್ಧ ಗಂಟೆಯ ಅಂತರದಲ್ಲಿ ರಕ್ತ ತೆಗೆಯಬೇಕು. ಒಂದು ಬಾಟಲಿಗೆ ಸುಮಾರು 10 ಮಿಲಿ. ಒಂದು ಮಿಲಿ ರಕ್ತದಲ್ಲಿ ಸಿಗುವ ಬ್ಯಾಕ್ಟೀರಿಯಾ ಕೆಲವೇ ಕೆಲವು, 2 ಮಿಲಿ ಹಾಕಿದರೆ ತಪ್ಪಿಸಿಕೊಳ್ಳುತ್ತವೆ. ಮೂರರಲ್ಲೂ ಒಂದೇ ಸೂಕ್ಷ್ಮಜೀವಿ ಬಂದರೆ ಅದು ಚರ್ಮದಿಂದ ಸೇರಿದ್ದಲ್ಲ ಎಂಬ ಭರವಸೆ. ಕುರಿ ಸಾಕುವವರು ಅದನ್ನು ವೈದ್ಯರಿಗೆ ಹೇಳಲೇಬೇಕು, ಈಯಿಸುವಾಗ ಕೈ ಹಾಕಿದ್ದರಂತೂ ಖಂಡಿತ: ಕುರಿಯಿಂದ ಬರುವ ಬ್ಯಾಕ್ಟೀರಿಯಾಗಳಲ್ಲಿ ಬ್ರುಸೆಲ್ಲಾ ನಿಧಾನ ಬೆಳೆಯುತ್ತದೆ, ಕ್ಯೂ ಜ್ವರದ ಕಾಕ್ಸಿಯೆಲ್ಲಾ ಬಾಟಲಿಯಲ್ಲಿ ಬೆಳೆಯುವುದೇ ಇಲ್ಲ.

ಔಷಧ ಶುರುವಾದ ವಾರದಲ್ಲಿ ಸಾಮಾನ್ಯವಾಗಿ ಜ್ವರ ಬಿಡುತ್ತದೆ. 'ಇನ್ನು ಮನೆಗೆ ಕಳಿಸಿ' ಎಂಬ ಒತ್ತಾಯ ಆಗಲೇ. ಆದರೆ ವಾಲ್ವಿನ ಮೇಲೆ ಬೆಳೆದ ಸೋಂಕಿನ ಗಂಟಿಗೆ ರಕ್ತನಾಳವಿಲ್ಲ. ಒಂದು ಗ್ರಾಂನಲ್ಲಿ ನೂರು ಕೋಟಿಗೂ ಮೀರಿದ ಬ್ಯಾಕ್ಟೀರಿಯಾ, ಬಹಳಷ್ಟು ಬೆಳೆಯದೆ ಸುಮ್ಮನಿರುವಂಥವು. ಪೆನ್ಸಿಲಿನ್ ಕೊಲ್ಲುವುದು ಬೆಳೆಯುತ್ತಿರುವುದನ್ನು. ಅದಕ್ಕೇ 4ರಿಂದ 6 ವಾರ ನರಕ್ಕೆ ಇಂಜೆಕ್ಷನ್, ಕೃತಕ ವಾಲ್ವಿಗೆ ಕನಿಷ್ಠ 6 ವಾರ.

2024ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದದ್ದು ಇಲ್ಲಿನವರಿಗೆ ನೆನಪಿದೆ. ವಾಲ್ವಿನ ಎಸಳು ಹರಿದಾಗಲೂ ಹಾಗೇ: ರಕ್ತ ಹಿಂದಕ್ಕೆ ನುಗ್ಗಿ ಶ್ವಾಸಕೋಶದಲ್ಲಿ ನೀರು ನಿಲ್ಲುತ್ತದೆ, ರೋಗಿ ಮಲಗಲಾರ. ಸೂಕ್ಷ್ಮಜೀವಿ ಸತ್ತರೂ ಹರಿದ ಗೇಟು ಕೂಡಿಕೊಳ್ಳುವುದಿಲ್ಲ; ಕೋರ್ಸ್ ಮುಗಿಯಲಿ ಎಂದು ಕಾಯದೆ ಆಪರೇಷನ್ ಮಾಡಬೇಕು. ಎಕೋದಲ್ಲಿ (ಹೃದಯದ ಸ್ಕ್ಯಾನಿಂಗ್) ಗಂಟು 10 ಮಿಲಿಮೀಟರಿಗಿಂತ ದೊಡ್ಡದಿದ್ದು ಅಲ್ಲಾಡುತ್ತಿದ್ದರೆ ಚೂರು ಮಿದುಳಿಗೆ ಹಾರಿ ಪಾರ್ಶ್ವವಾಯು ಆಗುವ ಭಯ. ಚಿಕಿತ್ಸೆಯ ಮೊದಲೆರಡು ವಾರವೇ ಹೆಚ್ಚು ಅಪಾಯ.

ಒಳ್ಳೆಯ ಆಸ್ಪತ್ರೆಯಲ್ಲೂ ನೂರಕ್ಕೆ 15ರಿಂದ 20 ಮಂದಿ ಅಲ್ಲೇ ತೀರಿಕೊಳ್ಳುತ್ತಾರೆ, ವರ್ಷದೊಳಗೆ ಸುಮಾರು 30. ಸೋಂಕು ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾದ್ದಾದರೆ ಇನ್ನೂ ಕಷ್ಟ. ಬಾಯಿಯಿಂದ ಬರುವ ಸ್ಟ್ರೆಪ್ಟೋಕಾಕಸ್ ಅಷ್ಟು ಕ್ರೂರಿಯಲ್ಲ. ಕೃತಕ ವಾಲ್ವ್ ಇದ್ದವರೂ ಒಮ್ಮೆ ಈ ಸೋಂಕು ಬಂದು ಉಳಿದವರೂ ಹಲ್ಲು ಕೀಳಿಸುವ ಮುನ್ನ ದಂತವೈದ್ಯರಿಗೆ ತಿಳಿಸಬೇಕು: 30ರಿಂದ 60 ನಿಮಿಷ ಮೊದಲು ಅಮಾಕ್ಸಿಸಿಲಿನ್ 2 ಗ್ರಾಂ, ಒಂದೇ ಸಲ, ಪೆನ್ಸಿಲಿನ್ ಒಗ್ಗದವರಿಗೆ ಬೇರೆ ಔಷಧ.